ಮೋಟಾರು ವಾಹನದ ದೋಷಪರೀಕ್ಷೆ: ಕೇಬಲ್ಲು ಮತ್ತು ತಂತ್ರಾಂಶಗಳ ಆಯ್ಕೆ

ಮೋಟಾರು ವಾಹನವನ್ನು ನಡೆಸುವವನ ಮುಂದಿರುವ ಫಲಕದಲ್ಲಿ ಇಂಜಿನ್ನಿನ ಆಕಾರದ ಒಂದು ಸಣ್ಣ ಹಳದಿ ದೀಪವಿರುವುದನ್ನು ಎಲ್ಲರೂ ಕಂಡಿರಬಹುದು. ಕೀಲಿ ತಿರುಗಿಸಿದಾಗ ಅದು ಹೊತ್ತಿಕೊಂಡು, ಇಂಜಿನ್ನು ನಡೆಯತೊಡಗಿದ ಮೇಲೆ ಆರಿಹೋಗುವುದು ಕ್ರಮ. ಆರದೆ ಉಳಿದರೆ, ಅಥವಾ ನಡುದಾರಿಯಲ್ಲಿ ತಾನಾಗಿ ಹೊತ್ತಿಕೊಂಡರೆ, ಗಾಡಿಯ ಯಜಮಾನನಿಗೆ ಚಿಂತೆ ಹತ್ತಿಕೊಳ್ಳುತ್ತದೆ. ಆ ಚಿಂತೆಗೆ ಕಾರಣವೂ ಉಂಟು. ದೀಪವು ಏನೋ ಕೆಟ್ಟಿದೆಯೆಂದು ಹೇಳುತ್ತದೆಯೇ ಹೊರತು ಏನು ಕೆಟ್ಟಿದೆಯೆಂಬುದನ್ನು ಹೇಳುವುದಿಲ್ಲ.

ನಮ್ಮ ಹೊಸೂರು ಯಂತ್ರಗಳ ಊರು. ಲಾರಿಗಳನ್ನೂ ದ್ವಿಚಕ್ರ ವಾಹನಗಳನ್ನೂ ತಯಾರಿಸುವ ಹೆಸರಾಂತ ಕಾರ್ಖಾನೆಗಳು ಇಲ್ಲಿವೆ. ಸುತ್ತಲಿನ ಹಳ್ಳಿಗಳ ಹೂವು ತರಕಾರಿಗಳನ್ನು ಬೆಂಗಳೂರಿನ ಪೇಟೆಗೆ ಮುಟ್ಟಿಸುವ ಸಣ್ಣ ಸರಕುಗಾಡಿಗಳೂ, ಬಾಡಿಗೆ ಕಾರುಗಳೂ ಅನೇಕ ಕುಟುಂಬಗಳಿಗೆ ಅನ್ನದ ದಾರಿಯಾಗಿವೆ. ಅಂತಹ ಗಾಡಿ ಮೂರು ದಿನ ನಿಂತರೆ ಮನೆಯ ವರಮಾನವೂ ಮೂರು ದಿನ ನಿಂತಂತೆಯೇ. ಕೆಟ್ಟಿರುವುದು ಯಾವುದೆಂದು ತಿಳಿಯದೆ ಒಂದರ ಮೇಲೊಂದು ಭಾಗವನ್ನು ಬದಲಾಯಿಸುತ್ತ ಹೋದರೆ, ಮಗುವಿನ ಪುಸ್ತಕಕ್ಕೂ ಬಟ್ಟೆಗೂ ಇಟ್ಟಿದ್ದ ಹಣವು ಗ್ಯಾರೇಜಿನ ಪಾಲಾಗುತ್ತದೆ. ಆದಕಾರಣ ಈ ದೀಪದ ಮಾತನ್ನು ಮನೆಯಲ್ಲಿಯೇ ಓದಿಕೊಳ್ಳುವ ಸಾಧನಗಳ ವಿಷಯವನ್ನು ವಿದ್ಯಾರ್ಥಿಗಳೂ ಪೋಷಕರೂ ತಿಳಿದಿರುವುದು ಉಪಯುಕ್ತವೆಂದು ಭಾವಿಸಿ ಈ ಲೇಖನವನ್ನು ಬರೆಯಲಾಗಿದೆ.

ದೀಪದ ಹಿಂದಿರುವ ವ್ಯವಸ್ಥೆ

ಇಂದಿನ ವಾಹನದ ಇಂಜಿನ್ನನ್ನು ಆಳುವುದು ಒಂದು ಸಣ್ಣ ಗಣಕಯಂತ್ರ. ಇಂಜಿನ್ನಿನ ಶಾಖವೆಷ್ಟು, ಒಳಹೊಗುವ ಗಾಳಿಯೆಷ್ಟು, ಹೊರಬರುವ ಹೊಗೆಯಲ್ಲಿ ಆಮ್ಲಜನಕವೆಷ್ಟು ಎಂಬುದನ್ನು ಅಳೆದು ತಿಳಿಸುವ ಸೆನ್ಸರುಗಳು ಅದಕ್ಕೆ ಕಣ್ಣು ಕಿವಿಗಳಿದ್ದಂತೆ. ಇವುಗಳಿಂದ ಬರುವ ಸುದ್ದಿಯು ನಿಯಮಿತ ಮಿತಿಯನ್ನು ಮೀರಿದಾಗ ಗಣಕವು ಒಂದು ದೋಷಸಂಕೇತವನ್ನು ತನ್ನ ನೆನಪಿನಲ್ಲಿ ಬರೆದಿಟ್ಟುಕೊಂಡು ದೀಪವನ್ನು ಹೊತ್ತಿಸುತ್ತದೆ.

ಈ ಪದ್ಧತಿ ಹುಟ್ಟಿದ್ದು ಹೊಗೆಯ ನಿಯಂತ್ರಣಕ್ಕಾಗಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ೧೯೮೮ರ ಮಾದರಿಯ ಕಾರುಗಳಿಂದ ಮೊದಲ್ಗೊಂಡು ಇಂತಹ ಸ್ವಯಂಪರೀಕ್ಷೆಯನ್ನು ವಿಧಿಸಿತು. ಆಗ ಒಂದೊಂದು ಕಂಪೆನಿಯದೂ ಒಂದೊಂದು ರೀತಿಯಾಗಿತ್ತು. ೧೯೯೬ರ ಮಾದರಿಯಿಂದ ಅಮೆರಿಕದಲ್ಲಿ ಮಾರಾಟವಾಗುವ ಎಲ್ಲ ಕಾರುಗಳಿಗೂ ಒಂದೇ ಆಕಾರದ ಸಾಕೆಟ್ಟು, ಒಂದೇ ಬಗೆಯ ಸಂಕೇತಗಳು ಇರಬೇಕೆಂದು ಕಡ್ಡಾಯವಾಯಿತು. ಇದನ್ನೇ ಒ.ಬi.ಡಿ. ಎರಡು ಎಂದು ಕರೆಯುವರು. ಯೂರೋಪಿನಲ್ಲಿ ಈ ಕ್ರಮವು ಪೆಟ್ರೋಲ್ ಕಾರುಗಳಿಗೆ ೨೦೦೧ರಲ್ಲಿಯೂ ಡೀಸೆಲ್ ಕಾರುಗಳಿಗೆ ೨೦೦೪ರಲ್ಲಿಯೂ ಬಂದಿತು. ನಮ್ಮ ದೇಶದಲ್ಲಿ ಕಾರು ಮೊದಲಾದ ನಾಲ್ಕು ಚಕ್ರದ ವಾಹನಗಳಿಗೆ ಏಪ್ರಿಲ್ ೨೦೧೦ರಿಂದ ಇದರ ಮೊದಲನೆಯ ಹಂತವೂ, ಏಪ್ರಿಲ್ ೨೦೧೩ರಿಂದ ಎರಡನೆಯ ಹಂತವೂ ಜಾರಿಗೆ ಬಂದವು. ೧ ಏಪ್ರಿಲ್ ೨೦೨೦ರಿಂದ ದೇಶದಲ್ಲೆಲ್ಲ ಜಾರಿಯಾದ ಭಾರತ್ ಸ್ಟೇಜ್ ಆರರ ನಿಯಮದಿಂದ ಮೋಟಾರ್‌ಸೈಕಲ್ಲು ಸ್ಕೂಟರುಗಳೂ ಈ ವ್ಯವಸ್ಥೆಯೊಳಕ್ಕೆ ಬಂದಿವೆ.

ಆದುದರಿಂದ ಗಾಡಿ ತಯಾರಾದ ವರ್ಷವೇ ಮೊದಲು ನೋಡತಕ್ಕ ಅಂಶ. ೨೦೧೩ರ ನಂತರದ ಕಾರಾದರೆ ಸಾಮಾನ್ಯ ಸಾಧನಗಳಿಂದ ಓದಲು ಬರುವುದು ಬಹುಮಟ್ಟಿಗೆ ನಿಶ್ಚಯ. ಅದಕ್ಕೂ ಹಳೆಯದಾದರೆ ಸಾಕೆಟ್ಟು ಇದ್ದರೂ ಅದು ಸಾಮಾನ್ಯ ಭಾಷೆಯಲ್ಲಿ ಉತ್ತರ ಕೊಡದಿರಬಹುದು.

ಸಂಕೇತವನ್ನು ಓದುವ ಬಗೆ

ದೋಷಸಂಕೇತದಲ್ಲಿ ಒಂದು ಇಂಗ್ಲಿಷ್ ಅಕ್ಷರವೂ ಅದರ ಮುಂದೆ ನಾಲ್ಕು ಸ್ಥಾನಗಳೂ ಇರುತ್ತವೆ. ಅಕ್ಷರವು ಪಿ ಎಂದಿದ್ದರೆ ಇಂಜಿನ್ನು ಗೇರುಗಳ ಭಾಗ. ಸಿ ಎಂದಿದ್ದರೆ ಬ್ರೇಕು ಮುಂತಾದ ಚಕ್ರಗಳ ಕಡೆಯ ಭಾಗ. ಬಿ ಎಂದಿದ್ದರೆ ಏರ್‌ಬ್ಯಾಗು, ದೀಪ, ಬಾಗಿಲು ಮುಂತಾದ ಒಡಲಿನ ಭಾಗ. ಯು ಎಂದಿದ್ದರೆ ಗಣಕಗಳ ನಡುವಣ ಸಂಪರ್ಕದ ದೋಷ. ಅದರ ಮುಂದಿನ ಅಂಕೆ ಸೊನ್ನೆಯಾಗಿದ್ದರೆ ಅದು ಎಲ್ಲ ಕಂಪೆನಿಗಳಿಗೂ ಸಮಾನವಾದ ಸಂಕೇತ. ಒಂದಾಗಿದ್ದರೆ ಆಯಾ ಕಂಪೆನಿಯ ಸ್ವಂತದ್ದು.

ಉದಾಹರಣೆಗೆ ಪಿ ೦೩೦೧ ಎಂದರೆ ಮೊದಲನೆಯ ಸಿಲಿಂಡರಿನಲ್ಲಿ ಇಂಧನವು ಸರಿಯಾಗಿ ಉರಿಯುತ್ತಿಲ್ಲವೆಂದು ಅರ್ಥ. ಇಷ್ಟನ್ನು ಓದಿದೊಡನೆ ಅಂಗಡಿಗೆ ಓಡಿ ಹೊಸ ಕಾಯಿಲನ್ನು ಕೊಳ್ಳುವುದು ತರವಲ್ಲ. ಸ್ಪಾರ್ಕ್ ಪ್ಲಗ್ಗು ಸವೆದಿರಬಹುದು, ಕಾಯಿಲು ಕೆಟ್ಟಿರಬಹುದು, ಇಂಜೆಕ್ಟರು ಕಟ್ಟಿಕೊಂಡಿರಬಹುದು, ತಂತಿಯ ಜೋಡಣೆ ಸಡಿಲವಾಗಿರಬಹುದು. ಪ್ರತಿ ಪ್ಲಗ್ಗಿಗೂ ಒಂದೊಂದು ಕಾಯಿಲಿರುವ ಇಂಜಿನ್ನಿನಲ್ಲಿ ಇದನ್ನು ನಿರ್ಧರಿಸಲು ಕಾಸು ಖರ್ಚಿಲ್ಲದ ಉಪಾಯವೊಂದುಂಟು. ಇಂಜಿನ್ನನ್ನು ನಿಲ್ಲಿಸಿ, ಅದು ತಣ್ಣಗಾದ ಮೇಲೆ, ಒಂದನೆಯ ಮತ್ತು ಎರಡನೆಯ ಸಿಲಿಂಡರುಗಳ ಕಾಯಿಲುಗಳನ್ನು ಅದಲುಬದಲು ಮಾಡಿ, ಸಂಕೇತವನ್ನು ಅಳಿಸಿ, ಗಾಡಿಯನ್ನು ಸ್ವಲ್ಪ ದೂರ ನಡೆಸಿ ನೋಡಬೇಕು. ಈಗ ಪಿ ೦೩೦೨ ಎಂದು ಬಂದರೆ ದೋಷವು ಕಾಯಿಲಿನೊಡನೆ ಸಾಗಿತೆಂದಾಯಿತು, ಕಾಯಿಲೇ ಅಪರಾಧಿ. ಮತ್ತೆ ಪಿ ೦೩೦೧ ಎಂದೇ ಬಂದರೆ ಕಾಯಿಲು ನಿರ್ದೋಷಿ. ಪ್ಲಗ್ಗನ್ನೂ ಇಂಜೆಕ್ಟರನ್ನೂ ಪರೀಕ್ಷಿಸತಕ್ಕದ್ದು.

ಹಾಗೆಯೇ ಪಿ ೦೪೨೦ ಎಂಬುದು ಹೊಗೆಯನ್ನು ಶುದ್ಧಿ ಮಾಡುವ ಪರಿವರ್ತಕದ ಶಕ್ತಿ ಕುಂದಿದೆಯೆಂದು ಹೇಳುವ ಸಂಕೇತ. ಪ್ಲಾಟಿನಂ ಜಾತಿಯ ಲೋಹಗಳಿರುವುದರಿಂದ ಅದು ಬಹಳ ಬೆಲೆಯ ಭಾಗ. ಆದರೆ ಹೊಗೆಕೊಳವೆಯಲ್ಲಿ ಸಣ್ಣ ಸೀಳಿದ್ದರೂ, ಆಮ್ಲಜನಕದ ಸೆನ್ಸರು ಕೆಟ್ಟಿದ್ದರೂ ಇದೇ ಸಂಕೇತ ಬರುವುದುಂಟು. ಪಿ ೦೧೭೧ ಎಂದರೆ ಗಾಳಿ ಹೆಚ್ಚು, ಇಂಧನ ಕಡಿಮೆ ಎಂದರ್ಥ. ಎಷ್ಟೋ ಸಲ ಇದಕ್ಕೆ ಕಾರಣವು ಬಿರುಕು ಬಿಟ್ಟ ಒಂದು ರಬ್ಬರು ಕೊಳವೆಯಷ್ಟೇ ಆಗಿರುತ್ತದೆ. ಸಂಕೇತವು ನ್ಯಾಯಾಲಯದಲ್ಲಿ ನಿಂತ ಸಾಕ್ಷಿಯಿದ್ದಂತೆ. ಸಾಕ್ಷಿಯ ಮಾತನ್ನು ಕೇಳಬೇಕು, ಪರಾಂಬರಿಸಬೇಕು. ತೀರ್ಪನ್ನು ಕೊಡುವವನು ಮಾತ್ರ ಬುದ್ಧಿಯುಳ್ಳ ಮನುಷ್ಯನೇ ಆಗಿರಬೇಕು.

ಗಣಿತದ ಒಂದು ಪಾಠ

ಕೇಬಲ್ಲಿನ ಮೂಲಕ ನಡೆಯುವ ಸಂಭಾಷಣೆಯು ನಮ್ಮ ಹಿರಿಯ ತರಗತಿಯ ವಿದ್ಯಾರ್ಥಿಗಳ ಅಳವಿಗೆ ಮೀರಿದ್ದಲ್ಲ. ಸಾಧನವು ಗಣಕವನ್ನು ‘೦೧ ೦ಸಿ’ ಎಂದು ಕೇಳುತ್ತದೆ. ಇದಕ್ಕೆ ‘ಇಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ?’ ಎಂದು ಅರ್ಥ. ‘೪೧ ೦ಸಿ ೧ಎ ಎಫ್೮’ ಎಂದು ಉತ್ತರ ಬಂದಿತೆನ್ನೋಣ. ಮೊದಲಿನ ಎರಡು ಜೋಡಿಗಳು ಪ್ರಶ್ನೆಯ ಪ್ರತಿಧ್ವನಿ. ಕೊನೆಯ ಎರಡು ಜೋಡಿಗಳೇ ಉತ್ತರ.

ಇವು ಷೋಡಶಮಾನದ ಸಂಖ್ಯೆಗಳು. ದಶಮಾನದಲ್ಲಿ ಒಂಬತ್ತರ ಮುಂದೆ ಹತ್ತು ಎಂದು ಎರಡು ಸ್ಥಾನಗಳಲ್ಲಿ ಬರೆಯುವಂತೆ, ಇಲ್ಲಿ ಹತ್ತರಿಂದ ಹದಿನೈದರವರೆಗಿನ ಬೆಲೆಗಳನ್ನು ಎ, ಬಿ, ಸಿ, ಡಿ, ಇ, ಎಫ್ ಎಂಬ ಒಂದೊಂದೇ ಅಕ್ಷರದಿಂದ ಬರೆಯುವರು. ಆದ್ದರಿಂದ ‘೧ಎ’ ಎಂದರೆ ೧ × ೧೬ + ೧೦ = ೨೬. ‘ಎಫ್೮’ ಎಂದರೆ ೧೫ × ೧೬ + ೮ = ೨೪೮. ಮೊದಲನೆಯದನ್ನು ೨೫೬ರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, ನಾಲ್ಕರಿಂದ ಭಾಗಿಸಬೇಕೆಂಬುದು ನಿಯಮ. ೨೬ × ೨೫೬ = ೬೬೫೬; ಅದಕ್ಕೆ ೨೪೮ನ್ನು ಕೂಡಿಸಿದರೆ ೬೯೦೪; ನಾಲ್ಕರಿಂದ ಭಾಗಿಸಿದರೆ ೧೭೨೬. ಇಂಜಿನ್ನು ನಿಮಿಷಕ್ಕೆ ೧೭೨೬ ಸುತ್ತು ತಿರುಗುತ್ತಿದೆ.

ಇಂಜಿನ್ನಿನ ನೀರಿನ ಶಾಖವನ್ನು ಕೇಳಿದಾಗ ‘೪೧ ೦೫ ೭ಬಿ’ ಎಂದು ಉತ್ತರ ಬಂದರೆ, ೭ × ೧೬ + ೧೧ = ೧೨೩. ಇದರಿಂದ ೪೦ನ್ನು ಕಳೆದರೆ ೮೩ ಡಿಗ್ರಿ ಸೆಲ್ಸಿಯಸ್. ೪೦ನ್ನು ಕಳೆಯುವುದೇಕೆ? ಒಂದು ಜೋಡಿಯಲ್ಲಿ ಸೊನ್ನೆಯಿಂದ ೨೫೫ರವರೆಗೆ ಮಾತ್ರ ಬರೆಯಬಹುದು. ಹಿಮ ಬೀಳುವ ದೇಶಗಳಲ್ಲಿ ಶಾಖವು ಸೊನ್ನೆಗಿಂತಲೂ ಕೆಳಕ್ಕೆ ಇಳಿಯುವುದರಿಂದ ಲೆಕ್ಕವನ್ನು ಋಣ ೪೦ರಿಂದ ಆರಂಭಿಸಿದ್ದಾರೆ. ಅರ್ಧ ಗಂಟೆ ಓಡಿದ ಮೇಲೂ ಈ ಅಂಕೆ ಅರವತ್ತರ ಆಸುಪಾಸಿನಲ್ಲಿಯೇ ನಿಂತಿದ್ದರೆ ಥರ್ಮೋಸ್ಟಾಟು ತೆರೆದೇ ನಿಂತಿದೆಯೆಂದು ಸಂದೇಹಪಡಬಹುದು. ಆಗ ಪಿ ೦೧೨೮ ಎಂಬ ಸಂಕೇತವೂ ಬರುವುದುಂಟು. ಕನ್ನಡದಲ್ಲಿ ಗಣಿತ ಕಲಿತ ಬಾಲಕನಿಗೆ ಈ ವಿದ್ಯೆ ಎಟುಕದೆಂಬ ಅಂಜಿಕೆಗೆ ಕಾರಣವಿಲ್ಲ; ಕೂಡುವುದು ಗುಣಿಸುವುದು ಎಲ್ಲ ಭಾಷೆಯಲ್ಲಿಯೂ ಒಂದೇ.

ಕೇಬಲ್ಲಿನ ಆಯ್ಕೆ

ಕಾರಿನಲ್ಲಿ ಈ ಸಾಕೆಟ್ಟು ಸಾಮಾನ್ಯವಾಗಿ ಸ್ಟಿಯರಿಂಗಿನ ಕೆಳಗೆ, ಚಾಲಕನ ಕೈಗೆ ನಿಲುಕುವಂತೆ ಇರುತ್ತದೆ. ಅದರಲ್ಲಿ ಎರಡು ಸಾಲಾಗಿ ೧೬ ಪಿನ್ನುಗಳಿಗೆ ಸ್ಥಳವುಂಟು. ೧೬ನೆಯದು ಬ್ಯಾಟರಿಯ ಧನ; ೪ ಮತ್ತು ೫ ಋಣದ ಕಡೆಯವು. ೬ ಮತ್ತು ೧೪ನೆಯವು ಕ್ಯಾನ್ ಎಂಬ ಸಂಪರ್ಕಪದ್ಧತಿಯ ಎರಡು ತಂತಿಗಳು. ಈ ಪದ್ಧತಿಯನ್ನು ಜರ್ಮನಿಯ ಬಾಷ್ ಕಂಪೆನಿಯವರು ರೂಪಿಸಿ ೧೯೮೬ರಲ್ಲಿ ಪ್ರಕಟಿಸಿದರು. ಇಂದಿನ ಕಾರುಗಳಲ್ಲಿ ಬಹುತೇಕ ಇದೇ ಬಳಕೆಯಲ್ಲಿದೆ. ೭ನೆಯ ಪಿನ್ನು ಹಳೆಯ ಕೆ ಲೈನ್ ಪದ್ಧತಿಯದು. ಸಾಧನವು ಕ್ಯಾನ್ ಪದ್ಧತಿಯನ್ನೂ ಕೆ ಲೈನ್ ಪದ್ಧತಿಯನ್ನೂ ಬಲ್ಲದಾಗಿದ್ದರೆ ಹಳೆಯ ಗಾಡಿಗೂ ಹೊಸ ಗಾಡಿಗೂ ಒದಗುತ್ತದೆ.

ಪೇಟೆಯಲ್ಲಿ ಅಗ್ಗವಾಗಿ ದೊರೆಯುವ ಸಾಧನಗಳಲ್ಲಿ ಹೆಚ್ಚಿನವು ಇ.ಎಲ್.ಎಂ. ೩೨೭ ಎಂಬ ಹೆಸರನ್ನು ಹೊತ್ತಿರುತ್ತವೆ. ಕೆನಡಾ ದೇಶದ ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಸಣ್ಣ ಕಂಪೆನಿಯು ೨೦೦೫ರಲ್ಲಿ ಈ ಚಿಪ್ಪನ್ನು ಹೊರತಂದಿತು. ಅದರ ಮೊದಲ ಆವೃತ್ತಿಗೆ ನಕಲು ತಡೆಯುವ ರಕ್ಷಣೆ ಇಲ್ಲದಿದ್ದುದರಿಂದ ಅದರ ಪ್ರತಿಗಳು ಲೋಕವನ್ನೆಲ್ಲ ತುಂಬಿದವು. ಮೂಲ ಕಂಪೆನಿಯು ೨೦೨೨ರಲ್ಲಿ ಬಾಗಿಲು ಮುಚ್ಚಿತು. ಹಲವು ಪ್ರತಿಗಳ ಮೇಲೆ ‘ಆವೃತ್ತಿ ೧.೫’ ಎಂದು ಬರೆದಿರುತ್ತದೆ. ಆ ಸಂಖ್ಯೆಯ ಆವೃತ್ತಿಯನ್ನು ಮೂಲ ಕಂಪೆನಿಯು ಹೊರಡಿಸಿಯೇ ಇರಲಿಲ್ಲ. ‘೨.೧’ ಎಂದು ಬರೆದಿರುವ ಅನೇಕ ಪ್ರತಿಗಳು ಕೆಲವು ಆಜ್ಞೆಗಳಿಗೆ ಉತ್ತರವನ್ನೇ ಕೊಡುವುದಿಲ್ಲ. ಪ್ರತಿಗಳೆಲ್ಲವೂ ನಿರುಪಯೋಗಿ ಎಂದಲ್ಲ. ಸಾಮಾನ್ಯ ಸಂಕೇತಗಳನ್ನು ಓದಲು ಕೆಲವು ಸಾಕಾಗುತ್ತವೆ. ಹೊರಗಿನ ಅಕ್ಷರವನ್ನು ನಂಬದೆ, ನಮ್ಮ ಗಾಡಿಯಲ್ಲಿಯೇ ಪರೀಕ್ಷಿಸಿ, ಸರಿಹೋಗದಿದ್ದರೆ ಹಿಂತಿರುಗಿಸುವ ಕರಾರಿನ ಮೇಲೆ ಕೊಳ್ಳುವುದು ಜಾಣತನ.

ಸಾಧನವು ಫೋನಿಗೂ ಹೊಂದಬೇಕಷ್ಟೆ. ಹಳೆಯ ಬಗೆಯ ಬ್ಲೂಟೂತಿನ ಅಗ್ಗದ ಸಾಧನವು ಆಂಡ್ರಾಯ್ಡ್ ಫೋನಿಗೆ ಒಗ್ಗುತ್ತದೆ, ಐಫೋನಿಗೆ ಒಗ್ಗುವುದಿಲ್ಲ. ಐಫೋನು ಉಳ್ಳವರು ವೈಫೈ ಸಾಧನವನ್ನಾಗಲಿ, ಬ್ಲೂಟೂತ್ ಲೋ ಎನರ್ಜಿ ಎಂಬ ಹೊಸ ಬಗೆಯದನ್ನಾಗಲಿ ಆರಿಸಬೇಕು. ಲ್ಯಾಪ್‌ಟಾಪ್ ಇದ್ದವರಿಗೆ ಯು.ಎಸ್.ಬಿ. ಕೇಬಲ್ಲೇ ಉತ್ತಮ, ಅದರ ಸಂಪರ್ಕವು ನಡುವೆ ಕಡಿದುಹೋಗುವುದು ಕಡಿಮೆ. ಈ ಕೇಬಲ್ಲುಗಳಲ್ಲಿಯೂ ನಕಲಿ ಚಿಪ್ಪುಗಳ ಕಾಟವುಂಟು. ೨೦೧೪ರಲ್ಲಿ ಎಫ್.ಟಿ.ಡಿ.ಐ. ಕಂಪೆನಿಯು ಹೊರಡಿಸಿದ ಚಾಲಕ ತಂತ್ರಾಂಶವು ತನ್ನ ಚಿಪ್ಪಿನ ನಕಲುಗಳನ್ನು ಗುರುತಿಸಿ, ಅವು ಕೆಲಸಕ್ಕೆ ಬಾರದಂತೆ ಮಾಡಿತು. ನಕಲಿಯೆಂದು ಅರಿಯದೆ ಕೊಂಡಿದ್ದವರು ಅದರಿಂದ ತೊಂದರೆಗೊಳಗಾದರು.

ಇನ್ನು ಮೂರು ಎಚ್ಚರಿಕೆಗಳು. ಒಂದನೆಯದಾಗಿ, ದೊಡ್ಡ ಲಾರಿಗಳ ವಿದ್ಯುತ್ತು ೨೪ ವೋಲ್ಟು. ಕಾರಿನದು ೧೨ ವೋಲ್ಟು. ೨೪ ವೋಲ್ಟಿಗೂ ಸಲ್ಲುವುದೆಂದು ತಯಾರಕರು ಸ್ಪಷ್ಟವಾಗಿ ಬರೆದಿಲ್ಲದ ಸಾಧನವನ್ನು ಲಾರಿಗೆ ಹಾಕಕೂಡದು. ಎರಡನೆಯದಾಗಿ, ಅನೇಕ ಮೋಟಾರ್‌ಸೈಕಲ್ಲುಗಳಲ್ಲಿ ಇರುವುದು ಆರು ಪಿನ್ನುಗಳ ಸಣ್ಣ ಸಾಕೆಟ್ಟು. ಅದಕ್ಕೆ ಬೇರೊಂದು ಜೋಡುಕೇಬಲ್ಲು ಬೇಕು. ಮೂರನೆಯದಾಗಿ, ೧೬ನೆಯ ಪಿನ್ನಿಗೆ ಸದಾ ವಿದ್ಯುತ್ತು ಇರುವುದರಿಂದ ಸಾಧನವನ್ನು ದಿನಗಟ್ಟಲೆ ಸಿಕ್ಕಿಸಿಯೇ ಬಿಟ್ಟರೆ ಬ್ಯಾಟರಿ ಬರಿದಾಗುವುದುಂಟು. ಅದೂ ಅಲ್ಲದೆ, ನಿಸ್ತಂತು ಸಾಧನಕ್ಕೆ ದುರ್ಬಲ ಗುಪ್ತಸಂಖ್ಯೆಯಿದ್ದರೆ ಹತ್ತಿರ ನಿಂತ ಅನ್ಯನೂ ಗಾಡಿಯೊಡನೆ ಮಾತನಾಡಬಲ್ಲನು. ಕೆಲಸ ಮುಗಿದೊಡನೆ ಕಳಚಿಡತಕ್ಕದ್ದು.

ತಂತ್ರಾಂಶದ ಆಯ್ಕೆ

ತಂತ್ರಾಂಶಗಳು ಎರಡು ವಿಧ. ಮೊದಲನೆಯವು ಎಲ್ಲ ಕಂಪೆನಿಗಳ ಗಾಡಿಗಳಿಗೂ ಸಲ್ಲುವ ಸಾಮಾನ್ಯ ತಂತ್ರಾಂಶಗಳು. ಆಂಡ್ರಾಯ್ಡ್ ಫೋನಿನಲ್ಲಿ ಟಾರ್ಕ್, ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲಿಯೂ ಕಾರ್ ಸ್ಕ್ಯಾನರ್ ಹಾಗೂ ಒ.ಬಿ.ಡಿ. ಫ್ಯೂಷನ್ ಇಂತಹವು. ಇಂಜಿನ್ನಿನ ಸಂಕೇತಗಳನ್ನು ಓದುವುದು, ಅಳಿಸುವುದು, ಶಾಖ ವೇಗ ಮುಂತಾದವನ್ನು ಆಗಿಂದಾಗಲೇ ತೋರಿಸುವುದು ಇವುಗಳ ಕೆಲಸ. ದೋಷ ಕಂಡ ಕ್ಷಣದಲ್ಲಿ ಇಂಜಿನ್ನಿನ ವೇಗವೆಷ್ಟು, ಶಾಖವೆಷ್ಟು ಎಂದು ಗಣಕವು ಬರೆದಿಟ್ಟ ಚಿತ್ರವನ್ನೂ ಇವು ತೋರಿಸಬಲ್ಲವು. ದೋಷವು ತಣ್ಣನೆಯ ಇಂಜಿನ್ನಿನಲ್ಲಿ ಕಂಡಿತೋ, ಏರುದಾರಿಯಲ್ಲಿ ಕಂಡಿತೋ ಎಂಬುದನ್ನು ತಿಳಿಯಲು ಈ ಚಿತ್ರವು ಬಹಳ ನೆರವಾಗುತ್ತದೆ.

ಎರಡನೆಯವು ಒಂದೊಂದು ಕಂಪೆನಿಯ ಗಾಡಿಗಳಿಗೇ ಮೀಸಲಾದವು. ಬ್ರೇಕು, ಏರ್‌ಬ್ಯಾಗು ಮೊದಲಾದ ಇತರ ಗಣಕಗಳನ್ನು ಓದಲು ಇವು ಬೇಕು. ಫೋರ್ಡ್ ಕಂಪೆನಿಯು ಭಾರತದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ ೨೦೨೧ರಲ್ಲಿ ಸಾರಿತು. ಆದರೆ ಆ ಕಾರುಗಳು ಇಂದಿಗೂ ನಮ್ಮ ರಸ್ತೆಗಳಲ್ಲಿ ಓಡುತ್ತಿವೆ. ಅವುಗಳ ಯಜಮಾನರಿಗೆ ಫೋರ್‌ಸ್ಕ್ಯಾನ್ ಎಂಬ ತಂತ್ರಾಂಶವು ದೊಡ್ಡ ಆಸರೆ. ಈ ಕಾರುಗಳಲ್ಲಿ ಎರಡು ಕ್ಯಾನ್ ಜಾಲಗಳಿರುವುದುಂಟು. ಎರಡನ್ನೂ ಮುಟ್ಟಬಲ್ಲ ಸಾಧನವನ್ನು ಕೊಂಡರೆ ಮಾತ್ರ ತಂತ್ರಾಂಶದ ಪೂರ್ಣ ಪ್ರಯೋಜನ ದೊರೆಯುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಿಗೆ ಅಮೆರಿಕದ ರಾಸ್‌ಟೆಕ್ ಕಂಪೆನಿಯ ವಿ.ಸಿ.ಡಿ.ಎಸ್. ಪ್ರಸಿದ್ಧವಾದುದು, ಅದು ತನ್ನದೇ ಕೇಬಲ್ಲಿನೊಡನೆ ಮಾತ್ರ ಪೂರ್ಣವಾಗಿ ಕೆಲಸಮಾಡುತ್ತದೆ. ಆದ್ದರಿಂದ ಮೊದಲು ಕೇಬಲ್ಲನ್ನು ಕೊಂಡು ಆಮೇಲೆ ತಂತ್ರಾಂಶವನ್ನು ಹುಡುಕುವುದು ತಲೆಕೆಳಗಾದ ಕ್ರಮ. ಮೊದಲು ಗಾಡಿ, ಅನಂತರ ಅದಕ್ಕೆ ತಕ್ಕ ತಂತ್ರಾಂಶ, ಕೊನೆಗೆ ಆ ತಂತ್ರಾಂಶವು ಒಪ್ಪುವ ಕೇಬಲ್ಲು: ಇದೇ ಸರಿಯಾದ ಕ್ರಮ.

ಬೆಲೆಯುಳ್ಳ ತಂತ್ರಾಂಶಗಳ ಬೀಗವನ್ನು ಮುರಿದ ಪ್ರತಿಗಳನ್ನು ಅಗ್ಗದ ಕೇಬಲ್ಲಿನೊಡನೆ ಮಾರುವವರುಂಟು. ಇವನ್ನು ಕೊಳ್ಳುವುದು ನ್ಯಾಯವಲ್ಲವೆಂಬ ಮಾತು ಹಾಗಿರಲಿ, ಅವುಗಳೊಡನೆ ಹಾನಿಕರ ತಂತ್ರಾಂಶವೂ ಸೇರಿ ಬಂದು ಮನೆಯ ಗಣಕದಲ್ಲಿರುವ ಬ್ಯಾಂಕಿನ ವಿವರಗಳು ಪರರ ಕೈಸೇರುವ ಅಪಾಯವಿದೆ.

ಓದುವುದು ಬೇರೆ, ತಿದ್ದುವುದು ಬೇರೆ

ಗಣಕದಲ್ಲಿರುವುದನ್ನು ಓದಿದ ಮಾತ್ರಕ್ಕೆ ಸಾಧಾರಣವಾಗಿ ಯಾವ ಕೇಡೂ ಇಲ್ಲ. ಅದನ್ನು ತಿದ್ದುವುದು ಹಾಗಲ್ಲ. ಗಣಕದ ಒಳಗಿನ ಕಾರ್ಯಕ್ರಮವನ್ನು ಹೊಸದಾಗಿ ಬರೆಯುತ್ತಿರುವಾಗ ಬ್ಯಾಟರಿ ಕುಸಿದರೆ ಅಥವಾ ಸಂಪರ್ಕ ಕಡಿದರೆ ಗಣಕವೇ ನಿಷ್ಕ್ರಿಯವಾಗಬಹುದು. ಆಮೇಲೆ ಗಾಡಿಯನ್ನು ಎಳೆದುಕೊಂಡು ಹೋಗಬೇಕಾಗುತ್ತದೆ. ಮನೆಯಲ್ಲಿ ಕೆಲಸ ಮಾಡುವವರು ಓದುವುದಕ್ಕೇ ತೃಪ್ತರಾಗುವುದು ಕ್ಷೇಮ. ಬ್ರೇಕು ಮತ್ತು ಏರ್‌ಬ್ಯಾಗಿನ ಸಂಕೇತ ಕಂಡರೆ ಬರೆದುಕೊಂಡು ಅನುಭವಿಗಳಾದ ಮೆಕ್ಯಾನಿಕ್ಕರ ಬಳಿಗೆ ಹೋಗತಕ್ಕದ್ದು. ವಿದ್ಯುತ್ ವಾಹನಗಳಿಗೆ ಹೊಗೆಯೇ ಇಲ್ಲದುದರಿಂದ ಸಾಮಾನ್ಯ ತಂತ್ರಾಂಶಕ್ಕೆ ಅವು ಎಷ್ಟೋ ವೇಳೆ ಉತ್ತರ ಕೊಡುವುದಿಲ್ಲ. ಅವುಗಳ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳಲ್ಲಿ ಪ್ರಾಣಾಪಾಯದ ವಿದ್ಯುತ್ತು ಹರಿಯುತ್ತದೆ, ಮುಟ್ಟಲೇಬಾರದು.

ಸಂಕೇತವನ್ನು ಅಳಿಸಿದರೆ ದೀಪ ಆರುತ್ತದೆ, ದೋಷ ಆರುವುದಿಲ್ಲ. ದೋಷದ ಕ್ಷಣದ ಚಿತ್ರವೂ ಅದರೊಡನೆಯೇ ಅಳಿದುಹೋಗುತ್ತದೆ. ಹಳೆಯ ಕಾರನ್ನು ಮಾರುವವನು ಸಂಕೇತಗಳನ್ನು ಅಂದೇ ಅಳಿಸಿರುವ ಸಂಭವವೂ ಉಂಟು. ಅಂತಹ ಗಾಡಿಯಲ್ಲಿ ಸ್ವಯಂಪರೀಕ್ಷೆಗಳು ಇನ್ನೂ ಪೂರ್ತಿಯಾಗಿಲ್ಲವೆಂದು ತಂತ್ರಾಂಶವು ತೋರಿಸುವುದು. ಕೊಳ್ಳುವವರು ಇದನ್ನು ಗಮನಿಸತಕ್ಕದ್ದು. ಹಳದಿ ದೀಪವು ಮಿಣುಕುತ್ತಿದ್ದರೆ ಇಂಧನವು ಉರಿಯದೆ ಪರಿವರ್ತಕವನ್ನು ಸುಡುತ್ತಿದೆಯೆಂದು ತಿಳಿದು ವೇಗ ತಗ್ಗಿಸಿ ಗಾಡಿಯನ್ನು ನಿಲ್ಲಿಸಬೇಕು. ಎಣ್ಣೆಯ ಅಥವಾ ಶಾಖದ ಕೆಂಪು ದೀಪ ಹೊತ್ತಿದರಂತೂ ಸುರಕ್ಷಿತವಾದ ಸ್ಥಳದಲ್ಲಿ ತತ್‌ಕ್ಷಣ ಇಂಜಿನ್ನನ್ನು ನಿಲ್ಲಿಸಬೇಕು. ಅದು ಸಂಕೇತ ಓದುತ್ತ ಕೂಡುವ ಸಮಯವಲ್ಲ.

ಪೋಷಕರಿಗೂ ವಿದ್ಯಾರ್ಥಿಗಳಿಗೂ ಸೂಚನೆ

ಎಲ್ಲ ಮನೆಗೂ ಒಂದು ಸಾಧನ ಬೇಕೆಂಬ ನಿಯಮವಿಲ್ಲ. ಒಂದು ಬೀದಿಯ ನಾಲ್ಕಾರು ಮನೆಯವರು ಸೇರಿ ಒಳ್ಳೆಯದೊಂದನ್ನು ಕೊಂಡರೆ ಸಾಕಾಗುತ್ತದೆ. ದೀಪ ಹೊತ್ತಿದಾಗ ಸಂಕೇತ, ದಿನಾಂಕ, ಗಾಡಿ ಓಡಿದ ಕಿಲೋಮೀಟರು, ಆಗ ಕಂಡ ಲಕ್ಷಣ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಂತ್ರಾಂಶದ ವಿವರಣೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದರಿಂದ, ಹಿರಿಯ ತರಗತಿಯ ಮಕ್ಕಳು ಅವುಗಳ ಅರ್ಥವನ್ನು ಕನ್ನಡದಲ್ಲಿ ಅದರ ಪಕ್ಕದಲ್ಲಿಯೇ ಬರೆಯಲಿ. ತಂದೆಗೂ ಸಹಾಯವಾಗುತ್ತದೆ, ಮಗುವಿಗೂ ವಿದ್ಯೆ ಬೆಳೆಯುತ್ತದೆ.

ಈ ನೋಟ್‌ಬುಕ್ಕನ್ನು ಹಿಡಿದು ಗ್ಯಾರೇಜಿಗೆ ಹೋದವನನ್ನು ಯಾವ ಒಳ್ಳೆಯ ಮೆಕ್ಯಾನಿಕ್ಕನೂ ಆದರದಿಂದಲೇ ಕಾಣುವನು. ಅವನ ಅರ್ಧ ಕೆಲಸ ಹಗುರವಾಗುತ್ತದೆ. ‘ಈ ಭಾಗವನ್ನು ಬದಲಾಯಿಸಬೇಕು’ ಎಂದು ಅವನು ಹೇಳಿದಾಗ, ‘ಅದು ಕೆಟ್ಟಿದೆಯೆಂದು ಯಾವ ಪರೀಕ್ಷೆಯಿಂದ ತಿಳಿಯಿತು, ಅಣ್ಣ?’ ಎಂದು ವಿನಯದಿಂದ ಕೇಳುವುದು ಯಜಮಾನನ ಹಕ್ಕು. ಆ ಪ್ರಶ್ನೆಯನ್ನು ಕೇಳಲು ಬೇಕಾದಷ್ಟು ತಿಳಿವಳಿಕೆಯನ್ನು ಗಳಿಸಿಕೊಂಡರೆ ಕೇಬಲ್ಲಿಗೆ ಕೊಟ್ಟ ಹಣವು ಸಾರ್ಥಕವಾದಂತೆ.